ಮನೆಗೆ ಆರು ಮತ, ಮಾತು ಮಾತ್ರ ಒಂದೇ: ನಿಮ್ಮ ಅನುಭವ ಹೇಳಿ

ಮಂಡ್ಯದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದು ಮೂರು ವರ್ಷವಾಯಿತು. ಇಲ್ಲಿ ಮಾವನವರು ಒಬ್ಬರಿಗೆ ಮಾತು ಕೊಟ್ಟರೆ ಮನೆಯ ಆರು ಮತವೂ ಅತ್ತಲೇ. ಕಳೆದ ಸಲ ದುಡ್ಡಿನ ಕವರ್ ತಂದವರು ದೇವರ ಪಟ ಮುಟ್ಟಿಸಿ ಆಣೆ ಮಾಡಿಸಿಕೊಂಡು ಹೋದರು. ನನಗೋ, ಕೆರೆಗೆ ಕೊಳಚೆ ಬಿಡುವುದನ್ನು ತಡೆಯುವವರು ಬೇಕು. ಕೇರಿ ಕೇರಿಗೆ ಜಗಳ ಹಚ್ಚದವರು ಬೇಕು. ಮನೆಯ ನೆಮ್ಮದಿ ಕೆಡದಂತೆ ಮನಸ್ಸಿಗೆ ಸರಿ ಕಂಡವರಿಗೆ ಮತ ಹಾಕುವುದು ಹೇಗೆ? ಅನುಭವಿಸಿದವರು ಹೇಳಿ.

ನಿವೃತ್ತ ಶಿಕ್ಷಕಿ, ಮೈಸೂರು:
ತಾಯಿ, ಮೊದಲು ಹೆದರಿಕೆ ಬಿಡಿ. ಐದಾರು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವಳು ನಾನು. ನಮ್ಮೂರಿನ ಅರಗಿನ ಕಾರ್ಖಾನೆಯಿಂದ 1962ರಿಂದಲೂ ದೇಶಕ್ಕೆಲ್ಲ ಹೋಗುವ ಆ ಶಾಯಿಯನ್ನು ಎಷ್ಟು ಬೆರಳುಗಳಿಗೆ ಹಚ್ಚಿದ್ದೇನೋ ಲೆಕ್ಕವಿಲ್ಲ. ರಟ್ಟಿನ ಮರೆಯ ಹಿಂದೆ ನೀವು ಒಬ್ಬರೇ. ಗುಂಡಿ ಒತ್ತಿದ ಮೇಲೆ ಗಾಜಿನೊಳಗೆ ಚೀಟಿ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಅದರಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ ಇರುತ್ತದೆ, ನಿಮ್ಮ ಹೆಸರಿಲ್ಲ. ‘ನಮಗೆಲ್ಲ ಗೊತ್ತಾಗುತ್ತದೆ’ ಎಂದು ಬೆದರಿಸುವವರಿಗೆ ಗೊತ್ತಾಗುವುದು, ಆ ಮತಗಟ್ಟೆಯಲ್ಲಿ ಯಾರಿಗೆ ಒಟ್ಟು ಎಷ್ಟು ಬಿತ್ತು ಎನ್ನುವುದಷ್ಟೇ.

ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಮರೆಯ ಹಿಂದೆ ಹೋಗಿ ಬಹಳ ಹೊತ್ತಾದರೂ ಸದ್ದಿಲ್ಲ. ಬಾಗಿಲಲ್ಲಿ ಮಗ ಇಣುಕುತ್ತಿದ್ದ. ಕೊನೆಗೂ ಬೀಪ್ ಎಂದಿತು. ಹೊರಬಂದವರು ಬೆರಳಿನ ಶಾಯಿಗೆ ಊದಿಕೊಳ್ಳುತ್ತಾ, ‘ಮೇಡಂ, ಇದು ನನ್ನೊಬ್ಬಳದೇ ತಾನೇ?’ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಸೆರಗು ಸರಿಮಾಡಿಕೊಂಡು ಮಗನ ಹಿಂದೆ ಹೊರಟರು.

ರೈತ, ಮದ್ದೂರಿನ ಕಡೆಯವನು:
ಕನ್ನಂಬಾಡಿ ಕಟ್ಟೆ ಪೂರ್ತಿ 124.80 ಅಡಿ ತುಂಬಿದ ವರ್ಷವೂ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಕೊನೆ ಭಾಗದ ನನ್ನ ಗದ್ದೆಗೆ ಬರುವಷ್ಟರಲ್ಲಿ ನೂಲಿನಂತಾಗಿರುತ್ತದೆ. ಮತ ಕೇಳಲು ಬಂದವರಿಗೆ ನನ್ನದು ಒಂದೇ ಪ್ರಶ್ನೆ: ಕಿರುನಾಲೆಯ ಹೂಳು ತೆಗೆಸುವುದು ಯಾವಾಗ? ‘ನೋಡೋಣ’ ಎಂದವರಿಗಿಂತ ‘ಯಾವ ಕಿರುನಾಲೆ, ಎಲ್ಲಿಂದ ಎಲ್ಲಿಗೆ?’ ಎಂದು ತಿರುಗಿ ಕೇಳಿದವನ ಮೇಲೆ ನನಗೆ ನಂಬಿಕೆ. ನೀವು ಕೆರೆಯ ಬಗ್ಗೆ ಹಾಗೆಯೇ ಕೇಳಿ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾಲೆಯ ಮೇಲ್ಭಾಗದವರನ್ನು ಬೈಯುವ ನಾನೂ ಒಂದು ರಾತ್ರಿ ಬದುವಿಗೆ ಗುದ್ದಲಿ ಹಾಕಿ ನೀರು ತಿರುಗಿಸಿಕೊಂಡಿದ್ದೆ. ಕೆಳಗಿನ ಗದ್ದೆಯವನು ಆರು ತಿಂಗಳು ಮಾತು ಬಿಟ್ಟಿದ್ದ. ಅವನ ಮಗಳ ಮದುವೆಗೆ ಕರೆಯದಿದ್ದರೂ ಹೋಗಿ ಬಡಿಸಿ ಬಂದೆ. ಆಮೇಲೆ ಸರಿಹೋಯಿತು.

ಅಂಗಡಿಯವರು, ಶ್ರೀರಂಗಪಟ್ಟಣ:
‘ದುಡ್ಡು ತೆಗೆದುಕೊಳ್ಳಿ, ಮತ ಬೇಕಾದವರಿಗೆ ಹಾಕಿ’ ಎನ್ನುವ ಜಾಣರು ಬಹಳ. ನಾನು ಒಪ್ಪುವುದಿಲ್ಲ. ಕಾನೂನಿನಲ್ಲಿ ಕೊಟ್ಟವನಷ್ಟೇ ಅಲ್ಲ, ತೆಗೆದುಕೊಂಡವನೂ ತಪ್ಪಿತಸ್ಥ. ಆಣೆಯ ಮುಳ್ಳು ಬೇರೆ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಹೆಸರು ಹೇಳದೆ ದೂರು ಕೊಡಬಹುದು. ಆದರೆ ಒಂದೇ ಬೀದಿಯಲ್ಲಿ ಬದುಕಬೇಕಾದವರಿಗೆ ಹಾಗೆ ಮಾಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಅಮ್ಮ ಒಂದು ಉಪಾಯ ಮಾಡಿದರು: ‘ಹರಕೆ ಇದೆ, ಈ ವರ್ಷ ಯಾರ ದುಡ್ಡೂ ಮುಟ್ಟುವ ಹಾಗಿಲ್ಲ’ ಎಂದುಬಿಟ್ಟರು. ದೇವರ ಪಟ ಹಿಡಿದು ಬಂದವರು ಹರಕೆಗೆ ಏನೆಂದಾರು? ಕಾಫಿ ಕುಡಿದು ಹೋದರು.

ಕಾಲೇಜು ವಿದ್ಯಾರ್ಥಿ, ಮೈಸೂರು:
ಅಭ್ಯರ್ಥಿಗಳ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಆಸ್ತಿಯ ಪುಟಕ್ಕಿಂತ ಕ್ರಿಮಿನಲ್ ಪ್ರಕರಣಗಳ ಪುಟ ಓದಿ. ಜಗಳ ಹಚ್ಚುವವರು ಅಲ್ಲಿ ಸಿಗಬಹುದು. 2013ರಿಂದ ನೋಟಾ, ಅಂದರೆ ‘ಇವರಲ್ಲಿ ಯಾರೂ ಬೇಡ’ ಎನ್ನುವ ಗುಂಡಿ ಇದೆಯಾದರೂ, ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಅದಕ್ಕೇ ಹೆಚ್ಚು ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವನೇ ಗೆಲ್ಲುತ್ತಾನೆ. ನಾನು ಒಮ್ಮೆ ಒತ್ತಿದ್ದೆ. ಮನಸ್ಸು ಹಗುರವಾಯಿತು, ಮೋರಿ ಹಾಗೆಯೇ ಇದೆ.

ಕೇಳಿದವಳು ಮತ್ತೆ:
ಎಲ್ಲರಿಗೂ ನಮಸ್ಕಾರ. ಹರಕೆಯ ಮಾತನ್ನು ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಅವರೆಕಾಯಿ ಸುಲಿಯುತ್ತಾ ಕುಳಿತಿದ್ದವರು, ‘ನಿನ್ನ ಮಾವನವರಿಗೆ ನಾನು ಹೇಳುತ್ತೇನೆ, ನೀನು ಬಾಯಿ ಬಿಡಬೇಡ’ ಎಂದರು. ಮೊರ ಎತ್ತಿಕೊಂಡು ಏಳುವಾಗ, ‘ನಾನೂ ಎರಡು ಸಲ ಬೇರೆಯವರಿಗೇ ಹಾಕಿದ್ದೇನೆ’ ಎಂದು ಸೇರಿಸಿದರು.