‘ಪ್ರಾಸೊಡಿ’ಗೆ ಛಂದಸ್ಸು ಯಾಕೆ, ‘ಧಾಟಿ’ ಸಾಕಲ್ವಾ?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯಿಂದ ಒಂದು ಪದದ ವಿಚಾರ.

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪನಿಗೆ ಸ್ಟ್ರೋಕ್ ಆಯ್ತು. ಪೆಟ್ಟು ಬಿದ್ದದ್ದು ಮಿದುಳಿನ ಬಲಭಾಗಕ್ಕೆ. ಎಡಗೈ ಸೋತಿತ್ತು, ಈಗ ಲೋಟ ಹಿಡಿಯುವಷ್ಟು ಆಗಿದೆ. ಪುಣ್ಯಕ್ಕೆ ಮಾತು ಬಿದ್ದುಹೋಗಲಿಲ್ಲ. ಆದರೆ ಆಸ್ಪತ್ರೆಯ ಕಾಗದದಲ್ಲಿ ‘ಎಪ್ರೊಸೋಡಿಯಾ’ ಅಂತ ಒಂದು ಪದ ಇತ್ತು. ಪ್ರಾಸೊಡಿ, ಅಂದರೆ ಮಾತಾಡುವಾಗಿನ ದನಿಯ ಏರಿಳಿತ, ಇಲ್ಲದಿರುವುದು ಅಂತ ಅರ್ಥ. ಪ್ರಾಸೊಡಿಗೆ ಡಿಕ್ಷನರಿ ನೋಡಿದರೆ ‘ಛಂದಸ್ಸು’ ಅಂತಿದೆ. ಅದನ್ನೇ ದೊಡ್ಡಮ್ಮನಿಗೆ ಓದಿ ಹೇಳಿದೆ.

“ಛಂದಸ್ಸಾ? ಅದು ಇವರಿಗೆ ಯಾವತ್ತು ಇತ್ತು? ಮಾತೆಲ್ಲ ನೆಟ್ಟಗಿದೆ ಕಣೆ, ಧಾಟಿ ಹೋಗಿದೆ ಅಷ್ಟೆ” ಅಂದರು.

ಅವರು ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಗಿದ್ದು ಕುಯ್ಲಿನ ಟೈಮಲ್ಲಿ. ಕಣದ ತುಂಬ ಕಾಫಿ ಹರವಿತ್ತು. ಅಕಾಲದಲ್ಲಿ ಮೋಡ ಕಟ್ಟಿತು. ಜಗಲಿ ಮೇಲೆ ಕೂತಿದ್ದ ದೊಡ್ಡಪ್ಪ “ಮಳೆ ಬರ್ತಿದೆ, ಟಾರ್ಪಾಲ್ ಮುಚ್ಚಿ” ಅಂದರು. ಹಿಂದೆ ಆಗಿದ್ದರೆ ಅಷ್ಟಕ್ಕೇ ಲೈನ್‌ಮನೆಯ ಆಳುಗಳೂ ಓಡಿ ಬರುತ್ತಿದ್ದರು. ಈ ಸಲ ಯಾರೂ ಅಲ್ಲಾಡಲಿಲ್ಲ. ನಿನ್ನೆಯ ಪೇಪರ್ ಓದಿದ ಹಾಗೆ ಇತ್ತು ಆ ಮಾತು. ಸುಮ್ನೆ ಏನೋ ಹೇಳುತ್ತಿದ್ದಾರೆ ಅಂದುಕೊಂಡರಂತೆ. ಅರ್ಧ ಕಣ ನೆನೆಯಿತು. ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ನನ್ನ ಹತ್ತಿರ ಬಂದು “ಸಾಹುಕಾರ್ರಿಗೆ ಇವತ್ತು ಸಿಟ್ಟೇ ಬರಲಿಲ್ಲವಲ್ಲ” ಅಂದ. ಸಿಟ್ಟು ಬಂದಿತ್ತು. ಒಳಗೇ ಕುದಿಯುತ್ತಿದ್ದರು. ದನಿಯಲ್ಲಿ ಬರಲಿಲ್ಲ ಅಷ್ಟೆ.

ಈಗ ಪದಕ್ಕೆ ಬರೋಣ. ಹಳೆಯ ಪದವೊಂದಿದೆ, ‘ಕಾಕು’. ಅರ್ಥ ಬದಲಾಗುವಂತೆ ದನಿ ಹೊರಳಿಸುವುದು ಕಾಕು. ಭರತನ ನಾಟ್ಯಶಾಸ್ತ್ರದಲ್ಲೇ ಇದರ ಚರ್ಚೆ ಇದೆ. ಅಲಂಕಾರಶಾಸ್ತ್ರ ಬರೆದ ರುದ್ರಟ ವಕ್ರೋಕ್ತಿಯಲ್ಲಿ, ಅಂದರೆ ಮಾತಿಗೆ ಬೇರೆಯೇ ಅರ್ಥ ಹೊರಡಿಸುವ ಅಲಂಕಾರದಲ್ಲಿ, ಎರಡು ಬಗೆ ಮಾಡಿದಾಗ ಒಂದಕ್ಕೆ ಕಾಕುವಕ್ರೋಕ್ತಿ ಅಂತಲೇ ಹೆಸರಿಟ್ಟ. ತಡವಾಗಿ ಬಂದ ಆಳಿಗೆ “ಭಾರೀ ಬೇಗ ಬಂದ್ಯಲ್ಲಪ್ಪಾ” ಅನ್ನುತ್ತೇವಲ್ಲ, ಅದು ಶುದ್ಧ ಕಾಕು. ಒಳ್ಳೆಯ ಪದವೇ. ಆದರೆ ಇವತ್ತು ‘ಕಾಕು’ ಅಂದರೆ ನನ್ನ ಕಿವಿಗೆ ‘ಕಾಕಪೋಕ’ ಕೇಳಿಸುತ್ತದೆ. ಕೊಂಕಿಗೆ ಸರಿ, ದುಃಖಕ್ಕೆ, ಗಾಬರಿಗೆ ಹೊಂದುವುದಿಲ್ಲ. ‘ಸ್ವರ’ ಅಂದರೆ ಅ, ಆ, ಇ, ಈ ನೆನಪಾಗುತ್ತದೆ. ‘ರಾಗ’ ನಮ್ಮ ಕಡೆ ಬೈಗುಳಕ್ಕೆ ಹತ್ತಿರ, “ರಾಗ ಎಳೀಬೇಡ” ಅಂತ ಮಕ್ಕಳಿಗೆ ಗದರುವಾಗ ಬರುವಂಥದ್ದು. ‘ಧ್ವನಿ’ ಅಂದರೆ ಯಾರ ಧ್ವನಿ ಅನ್ನೋ ಪ್ರಶ್ನೆ ಮೊದಲು ಬರುತ್ತದೆ.

ಈ ಕೊನೆಯ ತೊಡಕೇ ಮುಖ್ಯ. ಯಾಕಂದರೆ ಯಾರ ದನಿ, ಯಾವ ಮಾತು, ಹೇಗೆ ಹೇಳಿದ್ದು, ಈ ಮೂರನ್ನೂ ಮಿದುಳು ಬೇರೆ ಬೇರೆ ಮಾಡಿಯೇ ಕೇಳಿಸಿಕೊಳ್ಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಿದುಳಿನ ಶಸ್ತ್ರವೈದ್ಯ ಎಡ್ವರ್ಡ್ ಚಾಂಗ್ ತಂಡದವರು ಇದನ್ನು ನೋಡಿ 2017ರಲ್ಲಿ ಬರೆದರು. ಮೂರ್ಛೆರೋಗದ ಚಿಕಿತ್ಸೆಗಾಗಿ ಕೆಲವರ ಮಿದುಳಿನ ಮೇಲೆ ಮೊದಲೇ ಎಲೆಕ್ಟ್ರೋಡ್ ಇಟ್ಟಿದ್ದರು. ಅವರಿಗೆ ನಾಲ್ಕು ವಾಕ್ಯ ಕೇಳಿಸಿದರು. ಒಂದೊಂದನ್ನೂ ಮೂರು ದನಿಗಳಲ್ಲಿ, ನಾಲ್ಕು ಬಗೆಯ ಏರಿಳಿತದಲ್ಲಿ. ಕಿವಿಯ ಮೇಲ್ಗಡೆ, ತಲೆಬುರುಡೆಯ ಒಳಗೆ ಇರುವ ಮಿದುಳಿನ ಒಂದು ಮಡಿಕೆಯಲ್ಲಿ ಕೆಲವು ಜಾಗ ಅಕ್ಷರದ ಸದ್ದಿಗೆ ಸ್ಪಂದಿಸಿದವು, ಕೆಲವು ಮಾತಾಡಿದವರು ಯಾರು ಅನ್ನುವುದಕ್ಕೆ. ಇನ್ನು ಕೆಲವು ಏರಿಳಿತಕ್ಕೆ ಮಾತ್ರ, ಹೆಂಗಸಿನ ದನಿಯಾದರೂ ಸರಿ, ಗಂಡಸಿನ ದನಿಯಾದರೂ ಸರಿ. ದನಿ ಎಷ್ಟು ಎತ್ತರದಲ್ಲಿದೆ ಅನ್ನೋದು ಅವಕ್ಕೆ ಬೇಡ. ಆ ವ್ಯಕ್ತಿಯ ಮಾಮೂಲಿ ದನಿಗಿಂತ ಎಷ್ಟು ಏರಿತು, ಎಷ್ಟು ಇಳಿಯಿತು, ಅಷ್ಟೇ ಲೆಕ್ಕ.

ಇದನ್ನು ಓದಿದಾಗಲೇ ದೊಡ್ಡಮ್ಮನ ‘ಧಾಟಿ’ ನನಗೆ ಪೂರ್ತಿ ಒಪ್ಪಿಗೆಯಾಗಿದ್ದು. ಭಜನೆಯಲ್ಲಿ “ಅದೇ ಧಾಟಿಯಲ್ಲಿ ಹೇಳಿ” ಅಂತೀವಿ. ಒಬ್ಬರ ಶ್ರುತಿ ಮೇಲಿರುತ್ತದೆ, ಇನ್ನೊಬ್ಬರದು ಕೆಳಗೆ. ಧಾಟಿ ಒಂದೇ. ಹಾಡಿನ ಪದವೂ ಬದಲಾಗಬಹುದು, ಆಗಲೂ ಧಾಟಿ ಅದೇ. ದನಿಯಿಂದಲೂ ನುಡಿಯಿಂದಲೂ ಬಿಡಿಸಿಕೊಂಡ ಏರಿಳಿತಕ್ಕೆ ನಮ್ಮಲ್ಲಿ ಹೆಸರಿತ್ತು. ಡಿಕ್ಷನರಿಯವರು ಛಂದಸ್ಸಿನ ಕಡೆ ಯಾಕೆ ಹೋದರೋ!

ಒಂದು ತಕರಾರು ಬರಬಹುದು. ಘಟ್ಟದ ಕೆಳಗಿನವರು ಬಂದಾಗ “ಮಂಗಳೂರು ಧಾಟಿ” ಅಂತಲೂ ಹೇಳುತ್ತೇವಲ್ಲ, ಅದು ಸಿಟ್ಟು ಸಂತೋಷದ ಮಾತಲ್ಲ. ನಿಜ. ಆದರೆ ಡಾಕ್ಟರುಗಳ ಪ್ರಾಸೊಡಿಯಲ್ಲಿ ಅದೂ ಸೇರುತ್ತದೆ. 1941ರಲ್ಲಿ ಓಸ್ಲೋದಲ್ಲಿ ಬಾಂಬಿನ ಚೂರು ಬಡಿದು ಒಬ್ಬ ಹೆಂಗಸಿನ ಮಿದುಳಿನ ಎಡಭಾಗಕ್ಕೆ ಏಟಾಯ್ತು. ಚೇತರಿಸಿಕೊಂಡ ಮೇಲೆ ಆಕೆಯ ನಾರ್ವೇಜಿಯನ್ ಮಾತು ಜರ್ಮನರ ಧಾಟಿಯಲ್ಲಿ ಬರತೊಡಗಿತು. ಜರ್ಮನರು ಊರು ಹಿಡಿದಿದ್ದ ಕಾಲ. ಅಂಗಡಿಯವರು ಸಾಮಾನು ಕೊಡಲಿಲ್ಲವಂತೆ, ಪಾಪ. ಮೋನ್ರಾಡ್-ಕ್ರೋನ್ ಅನ್ನುವ ನರರೋಗ ವೈದ್ಯರು ಇದನ್ನು 1947ರಲ್ಲಿ ಬರೆದಿಟ್ಟರು. ಹಾಗಾಗಿ ಧಾಟಿಯೆಲ್ಲ ಬಲಮಿದುಳಿನದ್ದೇ ಅನ್ನುವಂತಿಲ್ಲ. ಭಾವದ ಧಾಟಿಯಲ್ಲಿ ಬಲಕ್ಕೆ ಪಾಲು ಜಾಸ್ತಿ, ಅಷ್ಟೆ.

ಇನ್ನೊಂದು ಪದವೂ ಬೇಕಾಗಿದೆ. ನರರೋಗ ವೈದ್ಯ ಎಲಿಯಟ್ ರಾಸ್ 1981ರಲ್ಲೇ ತೋರಿಸಿದ ಹಾಗೆ ಈ ತೊಂದರೆ ಮುಖ್ಯವಾಗಿ ಎರಡು ರೀತಿ. ತನ್ನ ಮಾತಿಗೆ ಧಾಟಿ ಬರದೇ ಇರುವುದು ಒಂದು, ಬೇರೆಯವರ ಧಾಟಿ ತಿಳಿಯದೇ ಇರುವುದು ಇನ್ನೊಂದು. ದೊಡ್ಡಪ್ಪನದು ಮೊದಲನೆಯದು, ನಾವು ಕೊಂಕು ನುಡಿದರೆ ಚೆನ್ನಾಗೇ ತಿಳಿಯುತ್ತದೆ. ಈಗೀಗ ಅವರು “ನನಗೆ ಸಿಟ್ಟು ಬಂದಿದೆ, ಟಾರ್ಪಾಲ್ ಮುಚ್ಚಿ” ಅಂತ ಬಾಯಿಬಿಟ್ಟೇ ಹೇಳುತ್ತಾರೆ. ಆಳುಗಳು ನಗುತ್ತಲೇ ಓಡುತ್ತಾರೆ. ದೊಡ್ಡಪ್ಪನ ತೊಂದರೆಗೆ ‘ಧಾಟಿಯಳಿವು’, ಎರಡನೆಯದಕ್ಕೆ ‘ಧಾಟಿಗಿವುಡು’ ಅಂತ ನಾನು ಬರೆದುಕೊಂಡಿದ್ದೇನೆ. ಬಣ್ಣಗುರುಡು ಇದ್ದ ಮೇಲೆ ಇದೂ ಇರಬಹುದು, ಅಲ್ವಾ?

ಹಾಸನ, ಅರಕಲಗೂಡು, ಹೊಳೆನರಸೀಪುರ ಕಡೆಯವರು ಹೇಳಿ. ನಿಮ್ಮಲ್ಲಿ ಮಾತಿಗೆ ‘ಧಾಟಿ’ ಅಂತಾರಾ, ಇಲ್ಲ ‘ವರಸೆ’ ಅಂತಾರಾ? ನಮ್ಮಲ್ಲಿ ವರಸೆ ಅಂದರೆ ಮಾತಿಗಿಂತ ನಡವಳಿಕೆಯೇ ಜಾಸ್ತಿ.