ದಾನ್ ಬೌ: ತಂತಿ ಬದಲಿಸಿದ ಮೇಲೆ ಬರೀ ‘ಟಕ್’

ವೀಣೆಕೈ, ಮೈಸೂರು:
ನನ್ನ ಹತ್ತಿರ ದಾನ್ ಬೌ ಇದೆ, ವಿಯೆಟ್ನಾಂನ ಒಂಟಿ ತಂತಿ ವಾದ್ಯ, ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸೋ ಭಾಗ) ಇರೋದು. ತಂತಿ ತುಂಡಾಯ್ತು ಅಂತ ವೀಣೆಯ ಮಂದ್ರದ ಹಿತ್ತಾಳೆ ತಂತಿ ಕಟ್ಟಿದೆ. ಆಂಪ್ಲಿಫೈಯರ್‌ನಲ್ಲಿ ಸದ್ದೇ ಇಲ್ಲ, ಮೀಟಿದರೆ ‘ಟಕ್’. ನಮ್ಮ ಗಮಕ ಇದರಲ್ಲಿ ಹಿಡಿಯಬಹುದಾ? ಅಲ್ಲಿ ಇದನ್ನ ಎಲ್ಲಿ ನುಡಿಸ್ತಾರೆ?

ಶ್ರುತಿಪೆಟ್ಟಿಗೆ:
ಹಿತ್ತಾಳೆ ಬಿಚ್ಚಿ ಸಾರ್. ಪಿಕಪ್‌ನಲ್ಲಿರೋದು ಅಯಸ್ಕಾಂತ, ಉಕ್ಕಿನ ತಂತಿ ಅಲ್ಲಾಡಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತೆ. ವೀಣೆಯ ಸಾರಣಿ (ಉಕ್ಕಿನ ಮೊದಲ ತಂತಿ) ಹಾಕಿ, ಎಡಗಡೆಯ ಬಾಗುವ ಕಡ್ಡಿಯನ್ನ ಮುಟ್ಟದೆ ಒಂದು ಮನೆ ಶ್ರುತಿಗೆ (ಹಾರ್ಮೋನಿಯಂನ C) ಕೂಡಿಸಿ.

ಇನ್ನು ‘ಟಕ್’. ಇದರಲ್ಲಿ ಬಿಡಿ ತಂತಿ ಮೀಟೋದು ಕಡಿಮೆ, ಅನುಸ್ವರಗಳೇ (ಹಾರ್ಮೋನಿಕ್ಸ್, ತಂತಿಯನ್ನ ಸರಿಯಾದ ಭಾಗದಲ್ಲಿ ಸೋಕಿ ಮೀಟಿದಾಗ ಬರೋ ಮೇಲಿನ ಸ್ವರ) ಎಲ್ಲ. ಬಲ ಅಂಗೈಯ ಅಂಚು ತಂತಿಗೆ ಸೋಕಿದಂತೆ ಇರಬೇಕು, ಮೀಟಿದ ತಕ್ಷಣ ಮೇಲೇಳಬೇಕು. ತಡವಾದರೆ ‘ಟಕ್’, ಮುಂಚೆಯೇ ಎದ್ದರೆ ಬಿಡಿ ತಂತಿಯ ‘ಗೊಂಯ್’. ತಂತಿ 96 ಸೆಂ.ಮೀ. ಇದ್ದರೆ ಬಲತುದಿಯಿಂದ 48ಕ್ಕೆ ಅಂಗೈ ಸೋಕಿದರೆ ಮೇಲಿನ ಸ, 32ಕ್ಕೆ ಪ, 24ಕ್ಕೆ ಇನ್ನೊಂದು ಸ, 19.2ಕ್ಕೆ ಅಂತರ ಗಾಂಧಾರ, 16ಕ್ಕೆ ಪ, 12ಕ್ಕೆ ಸ. ಏಳನೇ ಒಂದು ಭಾಗ ಬಿಟ್ಟುಬಿಡಿ, ಅಲ್ಲಿಯ ನಿಷಾದ ನಮ್ಮ ಕೈಶಿಕಿ ನಿಷಾದಕ್ಕಿಂತ ತಗ್ಗು. ಪೆನ್ಸಿಲ್ ಗುರುತು ಹಾಕ್ಕೊಳ್ಳಿ.

ಒಟ್ಲುಗದ್ದೆ, ಮಂಡ್ಯ:
ಗಮಕದ ವಿಷಯ. ಕಡ್ಡಿಯನ್ನ ಎಡಕ್ಕೆ ಬಾಗಿಸಿದರೆ ತಂತಿ ಬಿಗಿಯಾಗಿ ಸ್ವರ ಏರುತ್ತೆ, ಬಲಕ್ಕೆ ಒತ್ತಿದರೆ ಇಳಿಯುತ್ತೆ. ಸದಿಂದ ಏರಿಸಿ ರಿ, ಪದಿಂದ ಇಳಿಸಿ ಮ. ವೀಣೆಯಲ್ಲಿ ತಂತಿ ಎಳೆದರೆ ಏರೋದೊಂದೇ ದಾರಿ, ಇಲ್ಲಿ ಎರಡೂ ಉಂಟು. ಹಾಗಂತ ಅವರ ಹಾಡಿಗೆ ಕಂಪಿತ (ಸ್ವರ ಅಲುಗಿಸೋ ಗಮಕ) ಸುರಿಯಬೇಡಿ. ಉತ್ತರ ವಿಯೆಟ್ನಾಂ ಮಾತಿನಲ್ಲಿ ಆರು ಬಗೆಯ ಏರಿಳಿತ ಇದೆ. ‘ಮಾ’ ಸಮವಾಗಿ ಎಳೆದರೆ ದೆವ್ವ, ಇನ್ನೊಂದು ಥರ ಅಂದರೆ ಕುದುರೆ, ಮತ್ತೊಂದು ಥರ ನಾಟಿಗೆ ಬೆಳೆಸಿದ ಭತ್ತದ ಪೈರು! ಕಡ್ಡಿ ಬಾಗೋದು ಆ ಮಾತನ್ನ ಹಿಂಬಾಲಿಸಿ. ‘ಹೆಣ್ಣಾದವಳು ದಾನ್ ಬೌ ಕೇಳಬಾರದು’ ಅಂತ ಅವರಲ್ಲೊಂದು ಜನಪದ ಸಾಲೇ ಇದೆ. ಅಷ್ಟು ಮರುಳು ಮಾಡುತ್ತಂತೆ.

ತಂಬೂರಿತಂತಿ:
ನಮ್ಮ ಕಡೆ ಮಂಟೇಸ್ವಾಮಿ ಪದ ಹಾಡೋ ನೀಲಗಾರರು ತಂಬೂರಿ ಹಿಡಿದು ಊರೂರು ಸುತ್ತುವ ಹಾಗೆ, ಅಲ್ಲಿ ಸಂತೆಗಳಲ್ಲಿ ಕುರುಡು ಹಾಡುಗಾರರು ‘ಸಮ್’ ಪದ ಹೇಳ್ತಿದ್ದರು. ಅವರ ಜೊತೆಗೂ ದಾನ್ ಬೌ ಇತ್ತು. ದಕ್ಷಿಣದ ‘ದನ್ ಕಾ ತಾಯ್ ತು’ ಮನೆಮಂದಿಯ ಸಂಗೀತ, ಅದರಲ್ಲೂ ದಾನ್ ಬೌ ನುಡಿಸ್ತಾರೆ, 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮದುವೆಗೂ ಸೈ, ಹಿರಿಯರ ತಿಥಿಗೂ ಸೈ. ತಿಥಿಮನೆಯಲ್ಲಿ ಕಛೇರಿಯಾ ಅಂತ ನಮಗೆ ಅನ್ನಿಸಬಹುದು. ತಾಳ ಕಾಲಲ್ಲಿ ಒತ್ತುವ ಮರದ ಚಿಟಿಕೆಯದು. ಅವರ ಗಿಟಾರ್ ನೋಡಿ, ಮೆಟ್ಟಿಲುಗಳ (ಫ್ರೆಟ್) ನಡುವೆ ಮರ ಕೆತ್ತಿ ಗುಳಿ ಮಾಡಿರ್ತಾರೆ. ತಂತಿ ಒಳಕ್ಕೆ ಒತ್ತಿ ಸ್ವರ ಜಾರಿಸೋಕೆ.

ವೀಣೆಕೈ:
ಸಾರಣಿ ಹಾಕಿದೆ. 48, 32 ನುಡೀತು. 19.2 ಇನ್ನೂ ‘ಟಕ್’.

ಶ್ರುತಿಪೆಟ್ಟಿಗೆ:
ಮೀಟುಕಡ್ಡಿ ಬೆರಳಾಚೆ ಒಂದೂವರೆ ಸೆಂ.ಮೀ.ಗಿಂತ ಚಾಚಿದೆಯಾ ನೋಡಿ. ಉದ್ದವಾದರೆ ತಂತಿಗೆ ಸಿಕ್ಕಿ ಕೈ ಏಳೋದು ತಡ. ಅರ್ಧಭಾಗದಲ್ಲಿ ಅದು ನಡೆದುಹೋಗುತ್ತೆ, ಐದನೇ ಭಾಗದಲ್ಲಿ ನಡೆಯಲ್ಲ.