ಸಹಾಯ ಬೇಕು: ಮನೆಯಲ್ಲಿ ಬಂದೂಕಿದೆ, ಪೆರೋಲ್ ಮೇಲೆ ಹುಡುಗ ಬರುತ್ತಿದ್ದಾನೆ

ನಮಸ್ಕಾರ. ನಾವಿರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಭಾವನ ಮಗ, ಒಂದು ಫೆಲನಿ (ಗಂಭೀರ ಅಪರಾಧ) ಕೇಸಿನಲ್ಲಿ ಜೈಲಿಗೆ ಹೋಗಿದ್ದ. ಮುಂದಿನ ತಿಂಗಳು ಪೆರೋಲ್ ಮೇಲೆ, ಅಂದರೆ ಶಿಕ್ಷೆ ಮುಗಿಯುವ ಮೊದಲೇ ಅಧಿಕಾರಿಯ ನಿಗಾದಲ್ಲಿ ಬಿಡುಗಡೆಯಾಗಿ, ನಮ್ಮ ಮನೆಗೇ ಬರುತ್ತಿದ್ದಾನೆ. "ಚಿಕ್ಕಮ್ಮಾ, ನಿಮಗೆ ತೊಂದರೆ ಆಗಲ್ವಾ?" ಅಂತ ಫೋನಿನಲ್ಲಿ ಕೇಳಿದ. ಪಾಪ.

ತೊಂದರೆ ಅವನದಲ್ಲ, ನಮ್ಮ ಯಜಮಾನರ ಪಿಸ್ತೂಲಿನದು. ಅದು ಬೆಡ್‌ರೂಮಿನ ಲಾಕರ್‌ನಲ್ಲಿದೆ. ಆದರೆ ಕೀಲಿ ಮಾತ್ರ ಅಡುಗೆಮನೆ ಕ್ಯಾಲೆಂಡರ್ ಹಿಂದಿನ ಮೊಳೆಯಲ್ಲಿ! ಮನೆಗೆ ಬಂದು ಹೋಗುವವರಿಗೆಲ್ಲ ಗೊತ್ತು.

ನಾನು ಓದಿದ ಮಟ್ಟಿಗೆ, ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಆಗಬಹುದಾದ ಅಪರಾಧ ಸಾಬೀತಾದವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ (ಇಡೀ ಅಮೆರಿಕದ) ಕಾನೂನಿನಲ್ಲಿ ಅಪರಾಧ. ಗುಂಡುಗಳನ್ನೂ ಇಟ್ಟುಕೊಳ್ಳುವಂತಿಲ್ಲ. 2022ರಿಂದ 15 ವರ್ಷದವರೆಗೆ ಶಿಕ್ಷೆ ಆಗಬಹುದು. ಕೈಯಲ್ಲೇ ಹಿಡಿದಿರಬೇಕಿಲ್ಲ, ಇರುವುದು ಗೊತ್ತಿದ್ದು, ಅದು ಅವನ ಹತೋಟಿಗೆ ಸಿಗುವಂತಿದ್ದರೂ ಕೇಸು ಆಗಬಹುದು. ಜೈಲಿನಿಂದ ಬಿಡುಗಡೆಯಾಗಿ, ಪೆರೋಲೂ ಮುಗಿದು 5 ವರ್ಷ ಆದಮೇಲೆ ಬಂದೂಕನ್ನು ತಾನಿರುವ ಮನೆಯೊಳಗೆ ಇಟ್ಟುಕೊಳ್ಳಲು ಟೆಕ್ಸಾಸ್ ಕಾನೂನು ಬಿಡುತ್ತದೆ, ಆದರೆ ಫೆಡರಲ್ ನಿಷೇಧ ಹಾಗೇ ಇರುತ್ತದೆ.

ಯಜಮಾನರು "ಲೈಸೆನ್ಸ್ ನನ್ನದು, ಗನ್ ನನ್ನದು, ಅವನಿಗೇನು ಸಂಬಂಧ?" ಅಂತಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ಇಂಥ ಪರಿಸ್ಥಿತಿ ಕಂಡವರು ಯಾರಾದರೂ ಇದ್ದೀರಾ? ನಂಬರ್ ಲಾಕ್ ಹಾಕಿಸಿ, ನಂಬರ್ ಅವರೊಬ್ಬರಿಗೇ ಗೊತ್ತಿದ್ದರೆ ಸಾಕಾ? ಇಲ್ಲ, ಸುಮ್ನೆ ಸ್ನೇಹಿತರ ಮನೆಯಲ್ಲಿ ಇಡೋದು ವಾಸಿನಾ? ಪೆರೋಲ್ ಅಧಿಕಾರಿ ಮನೆ ನೋಡಲು ಬರುವ ಮೊದಲೇ ನಾವಾಗಿ ಹೇಳಬೇಕಾ? ಈ ಕಡೆ ಕ್ರಿಮಿನಲ್ ಕೇಸು ನೋಡುವ ಒಳ್ಳೆ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಹುಡುಗನ ಬಗ್ಗೆ ಉಪದೇಶ ಬೇಡ, ದಯವಿಟ್ಟು.